ಪ್ರತಿಕ್ರಿಯೆ: 14 ತಂಡ ಬದಲಾಯಿಸಿದ ಬೇಸ್‌ಬಾಲ್ ಪಿಚರ್ (ಚೆಂಡೆಸೆಯುವ ಆಟಗಾರ) ಸೋತವರೇ?

"ಎಡ್ವಿನ್ ಜಾಕ್ಸನ್ 14 ತಂಡಗಳಿಗೆ ಆಡಿದ್ದಾರೆ ಅಂದ್ರೆ ಯಾರಿಗೂ ಬೇಡವಾಗಿದ್ರು ಅಂತ ತಾನೇ?" ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸಲ್ಲ. ಬೇಡದವರನ್ನು 14 ತಂಡಗಳು ಕರೆಯುತ್ತವಾ?

2003ರಲ್ಲಿ, ತಮ್ಮ 20ನೇ ಹುಟ್ಟುಹಬ್ಬದ ದಿನ, ಡಾಡ್ಜರ್ಸ್ ತಂಡದ ಪರ ಮೊದಲ ಪಂದ್ಯ. ಎದುರಿಗೆ ದಿಗ್ಗಜ ಪಿಚರ್ ರ‍್ಯಾಂಡಿ ಜಾನ್ಸನ್! ಗೆದ್ದರು. ಆಮೇಲೆ ಬರೀ ತಂಡದಿಂದ ತಂಡಕ್ಕೆ ಓಡಾಟ.

2010ರ ಜೂನ್ 25ರ ಪಂದ್ಯ ಮಾತ್ರ ತಪ್ಪದೆ ನೋಡಿ. ಅರಿಝೋನಾ ಪರ, ತಮ್ಮ ಹಳೇ ತಂಡ ಟ್ಯಾಂಪಾ ಬೇ ವಿರುದ್ಧ. ಮೊದಲ ಮೂರು ಇನ್ನಿಂಗ್ಸ್‌ನಲ್ಲೇ ಏಳು ವಾಕ್. ಅಂದರೆ ಏಳು ಬ್ಯಾಟರ್‌ಗಳಿಗೆ ಪುಕ್ಕಟೆ ಬೇಸ್. ಮೂರನೇ ಇನ್ನಿಂಗ್ಸ್‌ನಲ್ಲಿ ಒಬ್ಬರೂ ಔಟಾಗದೆ ಮೂರೂ ಬೇಸ್ ತುಂಬಿದ್ದವು. ಆದರೂ ಒಂದು ರನ್ನೂ ಬರಲಿಲ್ಲ. ಒಟ್ಟು 149 ಎಸೆತ ಹಾಕಿ ಒಂದೂ ಹಿಟ್ (ಬ್ಯಾಟರ್ ಚೆಂಡು ಹೊಡೆದು ಬೇಸ್ ತಲುಪುವುದು) ಕೊಡದೆ 1-0 ಅಂತರದಲ್ಲಿ ಗೆದ್ದರು. ಇಂದಿನ ಪಿಚರ್‌ಗಳು 100 ದಾಟುವುದೇ ಅಪರೂಪ ಅಲ್ವಾ?

ಇಡೀ ವೃತ್ತಿಜೀವನದಲ್ಲಿ 107 ಗೆಲುವು, 133 ಸೋಲು. ಅಂಕಿ ಸಾಧಾರಣ, ಒಪ್ಪುತ್ತೇನೆ. ಆದರೆ 2011ರಲ್ಲಿ ವರ್ಲ್ಡ್ ಸೀರೀಸ್ (ಲೀಗ್‌ನ ಅಂತಿಮ ಪ್ರಶಸ್ತಿ ಸರಣಿ) ಗೆದ್ದ ಸೇಂಟ್ ಲೂಯಿಸ್ ತಂಡದಲ್ಲಿ ಅವರಿದ್ದರು. ಆ ಜುಲೈನಲ್ಲಿ ಶಿಕಾಗೊದಿಂದ ಟೊರಾಂಟೊಗೆ, ಅದೇ ದಿನ ಅಲ್ಲಿಂದ ಸೇಂಟ್ ಲೂಯಿಸ್‌ಗೆ ಕಳಿಸಿದ್ದರು. ಟೊರಾಂಟೊ ಜರ್ಸಿ ತೊಟ್ಟು ನಿಜಕ್ಕೂ ಆಡಿದ್ದು 2019ರಲ್ಲಿ. ಅದೇ ಅವರ 14ನೇ ತಂಡ, ಆಗ ಅದು ಹೊಸ ದಾಖಲೆ!