ಮುಂದಿನ ಅಂಗಳಕ್ಕೆ ಎತ್ತರದ ಬೇಲಿ: ಅರ್ಜಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾವು ಅಮೆರಿಕದ ಉಪನಗರವೊಂದರಲ್ಲಿ, ಎರಡು ರಸ್ತೆ ಸೇರುವ ಮೂಲೆಯ ಸ್ವಂತ ಮನೆಯಲ್ಲಿದ್ದೇವೆ. ವರ್ಷದೊಳಗೆ ಎರಡು ಸಲ ಕಳ್ಳರು ಅಂಗಳಕ್ಕೆ ನುಗ್ಗಿದ್ದಾರೆ. ಮುಂದೆ 6 ಅಡಿಯ ಬೇಲಿ ಹಾಕಿಸಲು ಹೋದರೆ, 4 ಅಡಿ ಮೀರುವಂತಿಲ್ಲ, ಬೇಕಿದ್ದರೆ ವಿನಾಯಿತಿ ಕೇಳಿ ಎಂದು ನಗರಾಡಳಿತ ಹೇಳುತ್ತಿದೆ. ಪೊಲೀಸ್ ದೂರಿನ ಪ್ರತಿ ಲಗತ್ತಿಸಿದರೆ ಸಾಕೇ?

ಉತ್ತರ: ಸಾಲದು. ನಿಮ್ಮ ಆತಂಕ ನಿಜವಾದದ್ದು, ದೂರಿನ ಪ್ರತಿಯನ್ನು ಖಂಡಿತ ಲಗತ್ತಿಸಿ. ಆದರೆ ವಿಚಾರಣೆ ನಡೆಸುವ ಮಂಡಳಿ ನೋಡುವುದು ಮುಖ್ಯವಾಗಿ ನಿವೇಶನವನ್ನು, ಅದರ ಮಾಲೀಕರನ್ನಲ್ಲ. 1920ರ ದಶಕದಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ರೂಪಿಸಿದ ಮಾದರಿ ವಲಯ ಕಾಯ್ದೆಯೇ (ಊರಿನ ಯಾವ ಭಾಗದಲ್ಲಿ ಏನು, ಎಷ್ಟು ಕಟ್ಟಬಹುದು ಎಂಬ ನಿಯಮಗಳಿಗೆ ಆಧಾರವಾದ ಕಾಯ್ದೆ) ಹೀಗೆ ಯೋಚಿಸಿತ್ತು: ವಿಶೇಷ ಪರಿಸ್ಥಿತಿಯಿಂದಾಗಿ ನಿಯಮ ಅನಗತ್ಯ ಸಂಕಷ್ಟ ತಂದೊಡ್ಡಿದರೆ ಮಾತ್ರ ವಿನಾಯಿತಿ. ಅಳತೆಗೆ ಸಂಬಂಧಿಸಿದ ಕೋರಿಕೆಗಳಿಗೆ ಹಲವು ರಾಜ್ಯಗಳು ಈಗ ಇಷ್ಟು ಬಿಗಿಯಾಗಿಲ್ಲ. ಆದರೂ ಕಳ್ಳರ ಭಯ ಇಡೀ ಬೀದಿಗೆ ಇರುವಂಥದ್ದು. ನಿಮಗೊಬ್ಬರಿಗೇ ಏಕೆ ಬೇಲಿ ಏರಿಸಲು ಬಿಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅದಕ್ಕೆ ಉತ್ತರ ನಿಮ್ಮ ನೆಲದಲ್ಲೇ ಸಿಗಬೇಕು. ಅನೇಕ ನಗರಗಳಲ್ಲಿ ಮೂಲೆ ನಿವೇಶನದ ಎರಡೂ ರಸ್ತೆ ಬದಿಗಳನ್ನು ಮುಂಭಾಗವೆಂದೇ ಎಣಿಸುತ್ತಾರೆ. ಹಾಗಾದಾಗ ಉಳಿದವರು ಹಿತ್ತಲಿನಲ್ಲಿ 6 ಅಡಿ ಬೇಲಿಯ ಮರೆ ಪಡೆದರೆ, ನಿಮಗೆ ಅಷ್ಟು ಜಾಗವೇ ಉಳಿದಿರುವುದಿಲ್ಲ. ಇದು ಒಳ್ಳೆಯ ವಾದ, ಆದರೆ ಎಲ್ಲ ಮೂಲೆ ಮನೆಗಳ ಪಾಡೂ ಇದೇ ಎಂದು ಮಂಡಳಿ ತಳ್ಳಿಹಾಕಬಹುದು. ಹೀಗಾಗಿ ನಿವೇಶನಕ್ಕಷ್ಟೇ ವಿಶಿಷ್ಟವಾದ ಇನ್ನೊಂದು ಸಂಗತಿಯನ್ನು ಜೊತೆಗಿಡಿ. ಪಾದಚಾರಿ ಮಾರ್ಗಕ್ಕಿಂತ ನಿಮ್ಮ ಅಂಗಳ ತಗ್ಗಿನಲ್ಲಿದೆಯೇ? ಎರಡು ಅಡಿ ತಗ್ಗಿದ್ದರೆ, ಅಂಗಳದ ಮಟ್ಟದಿಂದ ಎದ್ದ 4 ಅಡಿಯ ಬೇಲಿ ಹೊರಗಿನವನಿಗೆ ಎರಡೇ ಅಡಿ. ಎತ್ತರವನ್ನು ಯಾವ ಕಡೆಯ ನೆಲದಿಂದ ಅಳೆಯುತ್ತಾರೆ ಎಂಬುದು ಅನೇಕ ಊರುಗಳ ನಿಯಮದಲ್ಲಿ ಬರೆದಿರುತ್ತದೆ. ಅದನ್ನು ಮೊದಲು ಓದಿ. ಕೆಲವೊಮ್ಮೆ ಅರ್ಜಿಯ ಅಗತ್ಯವೇ ಬೀಳದು.

ಬೇಲಿಯನ್ನು ಮನೆಯ ಮುಂಗೋಡೆಯ ಸಾಲಿಗೆ ಹಿಂದೆ ಸರಿಸಿದರೆ 6 ಅಡಿಗೆ ಅವಕಾಶವಿದೆಯೇ ಎಂದೂ ವಿಚಾರಿಸಿ. ಆ ದಾರಿ ಏಕೆ ಸಾಲದು ಎಂದು ವಿವರಿಸದ ಅರ್ಜಿ ದುರ್ಬಲವಾಗುತ್ತದೆ.

ವಿನ್ಯಾಸದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಮುಂಭಾಗದಲ್ಲಿ ಮುಚ್ಚಿದ ಗೋಡೆ ಬೇಡ, ಆರಪಾರ ಕಾಣುವ ಲೋಹದ ಸರಳುಗಳ ಬೇಲಿ ಇರಲಿ. ಗೋಡೆಯನ್ನು ಒಮ್ಮೆ ಹಾರಿದ ಕಳ್ಳನಿಗೆ ಅದೇ ಮರೆ. ಬೀದಿಯಲ್ಲಿ ಹೋಗುವವರ ಕಣ್ಣು ಬೀಳುವುದಿಲ್ಲ. ಮೂಲೆಯಲ್ಲಿ ತಿರುಗುವ ವಾಹನ ಚಾಲಕರಿಗೆ ಎರಡೂ ರಸ್ತೆ ಕಾಣಲೆಂದು ಬಿಡಬೇಕಾದ ತ್ರಿಕೋನ ಜಾಗದಲ್ಲಿ ಮಾತ್ರ ಎತ್ತರ ಕೇಳಲೇಬೇಡಿ. ಅಲ್ಲಿ ಮಗುವೊಂದು ರಸ್ತೆ ದಾಟುವಾಗ ಚಾಲಕನಿಗೆ ಕಾಣದೆ ಹೋಗಬಹುದು. ಪೂರ್ತಿ 6 ಅಡಿಯ ಬದಲು 5 ಅಡಿ ಸಾಕಾಗುವುದಾದರೆ ಅಷ್ಟನ್ನೇ ಕೇಳಿ, ಏಕೆಂದರೆ ಕಷ್ಟ ನೀಗಲು ಬೇಕಾದಷ್ಟೇ ವಿನಾಯಿತಿ ಕೊಡುವುದು ಮಂಡಳಿಗಳ ರೂಢಿ.

ಅಳತೆಯ ನಕ್ಷೆ, ನಾಲ್ಕೂ ದಿಕ್ಕಿನ ಫೋಟೋಗಳು ಬೇಕು. ವಿಚಾರಣೆಯ ನೋಟಿಸು ನೆರೆಹೊರೆಗೆ ಹೋಗುತ್ತದೆ. ಅದು ತಲುಪುವ ಮೊದಲೇ ನೀವೇ ನಕ್ಷೆ ಹಿಡಿದು ಅವರ ಮನೆಗೆ ಹೋಗಿ ಮಾತನಾಡಿ, ಒಪ್ಪಿದವರಿಂದ ಪತ್ರ ಪಡೆಯಿರಿ.

ಬಡಾವಣೆಯ ಮನೆಮಾಲೀಕರ ಸಂಘವಿದ್ದರೆ ಅದರ ಒಪ್ಪಿಗೆ ಬೇರೆಯೇ ಬೇಕು. ನಗರದ ವಿನಾಯಿತಿ ಸಂಘದ ಕರಾರನ್ನು ರದ್ದು ಮಾಡುವುದಿಲ್ಲ. ಆದೇಶ ಬಂದ ನಂತರವೂ ನಿರ್ಮಾಣ ಪರವಾನಗಿ ಬೇಕಾಗಬಹುದು. ಅಲ್ಲಿಯವರೆಗೆ ಗುತ್ತಿಗೆದಾರನಿಗೆ ಮುಂಗಡ ಕೊಡಬೇಡಿ. ಮೊದಲೇ ಕಂಬ ನೆಟ್ಟು ಮಾಡಿಕೊಂಡ ಖರ್ಚನ್ನು ಮಂಡಳಿ ಸಂಕಷ್ಟವೆಂದು ಒಪ್ಪುವುದಿಲ್ಲ.