ಓಟದ ಗುಂಪು ಉದ್ಯಾನದ ಕೆಲಸವನ್ನೂ ಮಾಡಬಹುದೇ?

ಹುಬ್ಬಳ್ಳಿಯಲ್ಲಿ ಬೆಳಗಿನ ಓಟದ ಜೊತೆಗೆ ಬಡಾವಣೆಯ ಉದ್ಯಾನವನ್ನೂ ನೋಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ. ಲಂಡನ್ನಿನಲ್ಲಿ ಹುಟ್ಟಿದ ಗುಡ್‌ಜಿಮ್ ಎಂಬ ಓಟಗಾರರ ಸಂಸ್ಥೆ ನಡೆಯುವುದೇ ಹೀಗೆ: ಗುಂಪಾಗಿ ಓಡಿ ಹೋಗುವುದು, ಒಂದಿಷ್ಟು ಕೆಲಸ ಮಾಡುವುದು, ಮತ್ತೆ ಓಡಿ ಮರಳುವುದು. ಉಣಕಲ್ ಕೆರೆಯ ದಂಡೆಯಿಂದ ಹೊರಟು 3 ಕಿಲೋಮೀಟರ್ ಓಟ, ಮುಕ್ಕಾಲು ಗಂಟೆ ಕೆಲಸ ಇಟ್ಟುಕೊಂಡರೆ ಸಾಕು.

ನಮ್ಮಲ್ಲಿ ತೊಡಕೆಂದರೆ ಎರೆಮಣ್ಣು. ಮಳೆಯ ಮರುದಿನ ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಸೇರುಗಟ್ಟಲೆ ತೂಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗುದ್ದಲಿಗೂ ಜಗ್ಗುವುದಿಲ್ಲ. ಹದ ನೋಡಿಕೊಂಡೇ ಕಳೆ ತೆಗೆಯುವ ಕುರ್ಚಿಗಿ ಹಿಡಿಯಿರಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು, ಕೈಗವಸು ಹಾಕಿಕೊಂಡು. ಬೆವರಿದ ಮೈಗೆ ಅದು ತಾಗಿದಾಗಿನ ತುರಿಕೆಯನ್ನು ನಾನು ಅನುಭವಿಸಿದ್ದೇನೆ! ಗಿಡ ನೆಡುವುದಿದ್ದರೆ ಮೊದಲು ಪಾಲಿಕೆಯ ಒಪ್ಪಿಗೆ ಪಡೆಯಿರಿ.