ಬೆಳಿಗ್ಗೆ ಹಾಕಿದ್ದು ನಿನ್ನೆ ತಾರೀಕಲ್ಲಿ ಯಾಕೆ ಕಾಣ್ತದೆ?

ಪ್ರಶ್ನೆ: ನಾನು ಬ್ರಹ್ಮಾವರದ ಹತ್ತಿರದವಳು, ಶಾಲೆಯಲ್ಲಿ ಟೀಚರಾಗಿದ್ದು ಈಗ ರಿಟೈರ್ ಆಗಿದ್ದೇನೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಅದು ಮುಗಿಯುವ ಪತ್ತನಾಜೆ ದಿನದವರೆಗೆ ಇವತ್ತು ಎಲ್ಲೆಲ್ಲಿ ಆಟ ಉಂಟು ಅಂತ ದಿನಾ ನನ್ನ ಬ್ಲಾಗಲ್ಲಿ ಹಾಕ್ತೇನೆ. ತೊಂದರೆ ಎಂತದು ಅಂದ್ರೆ ಬೆಳಿಗ್ಗೆ 5.10ಕ್ಕೆ ಹಾಕಿದ್ದು ಹಿಂದಿನ ದಿನ ರಾತ್ರಿ 11.40 ಅಂತ ಕಾಣ್ತದೆ. "ಇವತ್ತು ರಾತ್ರಿ ಆಟ" ಅಂತ ಬರ್ದದ್ದನ್ನು ಜನ ನಿನ್ನೆ ತಾರೀಕು ನೋಡಿ ಅದು ಮುಗ್ದಾಯ್ತು ಅಂತ ತಿಳ್ಕೊಳ್ತಾರೆ, ನಮ್ಮ ಪಕ್ಕದ ಮನೆಯವರೇ ಹಾಗೆ ಒಂದು ಒಳ್ಳೆ ಆಟ ತಪ್ಪಿಸ್ಕೊಂಡ್ರು. ಸರಿ, ರಾತ್ರಿಯೇ ಬರ್ದು ಬೆಳಿಗ್ಗೆ 6ಕ್ಕೆ ಬರ್ಲಿ ಅಂತ ಶೆಡ್ಯೂಲ್ ಮಾಡಿಟ್ರೆ ಅದು ಬರುದು 11.30ಕ್ಕೆ, ಆದ್ರೆ ಅದರ ಮೇಲೆ 6.00 ಅಂತಲೇ ಇರ್ತದೆ! ಒಮ್ಮೆ ಹಿಂದೆ ಹೋಗ್ತದೆ, ಒಮ್ಮೆ ತಡ ಆಗ್ತದೆ, ಎಂತ ಕತೆ ಇದು ಮಾರಾಯ್ರೇ? ಕೈಯಲ್ಲೇ ತಾರೀಕು ತಿದ್ದಿದ್ರೆ ಪೋಸ್ಟೇ ಮಾಯ ಆಗಿ ಮತ್ತೆ 10.40ರ ಹತ್ತಿರಕ್ಕೆ ಕಾಣ್ತದೆ. ಮೊಬೈಲು, ಕಂಪ್ಯೂಟರು ಎರಡರಲ್ಲೂ ಗಂಟೆ ಸರಿ ಉಂಟು.

ಉತ್ತರ: ನಮಸ್ಕಾರ ಟೀಚರ್. ನೀವು ನಿಮಿಷ ಸಮೇತ ಬರ್ದು ಕಳಿಸಿದ್ದು ತುಂಬಾ ಒಳ್ಳೆದಾಯ್ತು, ಹೆಚ್ಚಿನವರು "ಟೈಮ್ ತಪ್ಪು ಬರ್ತದೆ" ಅಂತ ಒಂದೇ ಸಾಲು ಬರೀತಾರೆ, ಅದ್ರಲ್ಲಿ ಎಂತದೂ ಗೊತ್ತಾಗುದಿಲ್ಲ. ನಿಮ್ಮ ಲೆಕ್ಕ ನೋಡಿ. 5.10ರಿಂದ ಐದೂವರೆ ಗಂಟೆ ಹಿಂದೆ ಹೋದ್ರೆ ಹಿಂದಿನ ರಾತ್ರಿ 11.40. ಬೆಳಿಗ್ಗೆ 6ಕ್ಕೆ ಐದೂವರೆ ಕೂಡಿಸಿದ್ರೆ 11.30. 5.10ಕ್ಕೆ ಐದೂವರೆ ಕೂಡಿಸಿದ್ರೆ 10.40. ಮೂರು ತೊಂದರೆ ಅಂತ ಕಂಡದ್ದು ಒಂದೇ, ನಿಮ್ಮ ಬ್ಲಾಗಿನ ಗಡಿಯಾರ ಯುಟಿಸಿಯಲ್ಲಿ ಓಡ್ತಾ ಉಂಟು, ಅಂದ್ರೆ ನಾವು ರೂಢಿಯಲ್ಲಿ ಗ್ರೀನಿಚ್ ಟೈಮ್ ಅನ್ನುವುದು. ನಮ್ಮ ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ.

ನಿಮ್ಮಲ್ಲಿ ಕೋಳಿ ಕೂಗುವ 5.10ಕ್ಕೆ ಅಲ್ಲಿ ಇನ್ನೂ ನಿನ್ನೆ ರಾತ್ರಿಯೇ, ಹಾಗಾಗಿ ಅದು ನಿನ್ನೆ ತಾರೀಕು ಹಾಕ್ತದೆ. ಶೆಡ್ಯೂಲಲ್ಲಿ 6 ಅಂತ ಕೊಟ್ರೆ ಅದು ತನ್ನ ಗಡಿಯಾರದಲ್ಲಿ 6 ಆಗುವವರೆಗೆ ಕಾಯ್ತದೆ, ಅಷ್ಟೊತ್ತಿಗೆ ನಿಮ್ಮಲ್ಲಿ ಮಧ್ಯಾಹ್ನದ ಗಂಜಿ ಒಲೆ ಮೇಲೆ ಇರ್ತದೆ. ಇನ್ನು ಮಾಯ ಆಗುದು. ನೀವು ಪೋಸ್ಟಿನ ಸಮಯವನ್ನು ಇವತ್ತು 5.10 ಅಂತ ತಿದ್ದಿದಾಗ ಆ ಗಡಿಯಾರಕ್ಕೆ ಅದು ಇನ್ನೂ ಬರದ ಹೊತ್ತು, ಮುಂದಿನ ಹೊತ್ತು ಕೊಟ್ರೆ ವರ್ಡ್‌ಪ್ರೆಸ್ ಅನ್ನುವ ಬ್ಲಾಗು ವ್ಯವಸ್ಥೆಯಲ್ಲಿ ಪ್ರಕಟ ಆದ ಪೋಸ್ಟೂ ವಾಪಸ್ ಶೆಡ್ಯೂಲಿಗೆ ಹೋಗಿ ಕೂತ್ಕೊಳ್ತದೆ, ಓದುವವರಿಗೆ ಕಾಣುದಿಲ್ಲ. ಅಂದ್ರೆ ಜನರಿಗೆ ಸರಿ ತಾರೀಕು ಕಾಣ್ಲಿ ಅಂತ ನೀವು ಪಟ್ಟ ಕಷ್ಟವೇ ಪೋಸ್ಟನ್ನು ಐದೂವರೆ ಗಂಟೆ ಅಡಗಿಸಿಟ್ಟಿತು. ಇದನ್ನು ಓದಿ ನನಗೆ ನಿಜವಾಗ್ಲೂ ಬೇಜಾರಾಯ್ತು. ಕೈಯಲ್ಲಿ ತಿದ್ದುದು ಇವತ್ತಿಂದಲೇ ಬಿಡಿ.

ಮೊಬೈಲಿನ ಗಂಟೆ ಸರಿ ಇದ್ದದ್ದು ಇಲ್ಲಿ ಲೆಕ್ಕಕ್ಕಿಲ್ಲ, ಕಂಪನಿಯವರ ಸರ್ವರಲ್ಲಿರುವ ಬ್ಲಾಗು ನಿಮ್ಮ ಕೈಲಿರುವ ಗಡಿಯಾರ ನೋಡುದಿಲ್ಲ, ಅದಕ್ಕೆ ಹಾಕಿಟ್ಟ ಟೈಮ್ ಝೋನ್ ನೋಡ್ತದೆ. ವರ್ಡ್‌ಪ್ರೆಸ್ ಆದ್ರೆ ಸೆಟ್ಟಿಂಗ್ಸ್, ಅದರೊಳಗೆ ಜನರಲ್, ಅಲ್ಲಿ ಟೈಮ್‌ಝೋನ್. ಗೂಗಲ್‌ನವರ ಬ್ಲಾಗರ್ ಆದ್ರೆ ಸೆಟ್ಟಿಂಗ್ಸಲ್ಲಿ ಕೆಳಗೆ ಬಂದು ಫಾರ್ಮ್ಯಾಟಿಂಗ್ ಅನ್ನುವ ಭಾಗ. ಪಟ್ಟಿಯಲ್ಲಿ ಉಡುಪಿ, ಮಂಗಳೂರು, ಬೆಂಗಳೂರು ಯಾವುದೂ ಇರುದಿಲ್ಲ, ಕೋಲ್ಕತ್ತಾ ಅಂತ ಇರುವುದನ್ನು ಆರಿಸಿ, ಇಡೀ ದೇಶಕ್ಕೆ ಅದೇ. ಕೋಲ್ಕತ್ತಾ ನಮ್ಮದಲ್ಲ ಅಂತ ಬಿಟ್ಟು ಬೇರೆ ಎಂತದೋ ಆರಿಸಿದವರನ್ನು ನಾನು ನೋಡಿದ್ದೇನೆ. ಈ ಐದೂವರೆ ಬಂದದ್ದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದಿಂದ, 15 ಡಿಗ್ರಿಗೆ ಒಂದು ಗಂಟೆ ಲೆಕ್ಕ, 1906ರ ಜನವರಿ 1ರಿಂದ ಜಾರಿಗೆ ಬಂದದ್ದು. ಸೂರ್ಯನನ್ನೇ ಕೇಳಿದ್ರೆ ನಮ್ಮ ಉಡುಪಿ ಅದಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ, ಅದಕ್ಕೇ ನಮ್ಮಲ್ಲಿ ನೆತ್ತಿ ಮೇಲೆ ಬಿಸಿಲು ಬರುವಾಗ ಗೋಡೆ ಗಡಿಯಾರದಲ್ಲಿ ಹನ್ನೆರಡೂವರೆ ಹತ್ತಿರ ಆಗಿರ್ತದೆ.

ಆರಿಸಿದ ಮೇಲೆ ಕೆಳಗೆ ಹೋಗಿ ಸೇವ್ ಒತ್ತಬೇಕು, ಇದನ್ನು ಮರೆತು "ಬದ್ಲಾಯ್ಸಿದೆ, ಸರಿ ಆಗ್ಲಿಲ್ಲ" ಅನ್ನುವವರು ಬಹಳ. ವರ್ಡ್‌ಪ್ರೆಸ್ಸಿನ ಹಳೇ ನಮೂನೆಯ ಅಡ್ಮಿನ್ ಪುಟದಲ್ಲಿ ಆ ಪಟ್ಟಿಯ ಕೆಳಗೇ ಯುನಿವರ್ಸಲ್ ಟೈಮ್ ಎಷ್ಟು, ಲೋಕಲ್ ಟೈಮ್ ಎಷ್ಟು ಅಂತ ಬರ್ದಿರ್ತದೆ, ಸೇವ್ ಆದ ಮೇಲೆ ಆ ಲೋಕಲ್ ಟೈಮನ್ನು ಗೋಡೆ ಗಡಿಯಾರಕ್ಕೆ ಹೋಲಿಸಿ ನೋಡಿ, ಸಾಕು.

ಈಗಾಗ್ಲೇ ಶೆಡ್ಯೂಲಲ್ಲಿ ಇಟ್ಟದ್ದು ಇದ್ರೆ ಒಂದೊಂದನ್ನೇ ತೆರೆದು ಸಮಯ ಮತ್ತೆ ಹಾಕಿ ಸೇವ್ ಮಾಡಿ, ಇಲ್ಲದಿದ್ರೆ ಅವು ಹಳೇ ಲೆಕ್ಕದಲ್ಲೇ ಹೊರಗೆ ಬರ್ತವೆ. ಹಳೇ ಪೋಸ್ಟುಗಳ ಮೇಲಿನ ಸಮಯ ವರ್ಡ್‌ಪ್ರೆಸ್ಸಲ್ಲಿ ತನ್ನಷ್ಟಕ್ಕೆ ಬದಲಾಗುದಿಲ್ಲ, ಅದನ್ನು ಹಾಗೇ ಬಿಡಿ ಅಂತ ನನ್ನ ಸಲಹೆ, ಯಾಕಂದ್ರೆ ಅಲ್ಲಿ ಹೆಚ್ಚಾಗಿ ಲಿಂಕಿನಲ್ಲೇ ವರ್ಷ, ತಿಂಗಳು, ದಿನ ಸೇರಿರ್ತದೆ, ಹಾಗಿದ್ದಲ್ಲಿ ತಾರೀಕು ತಿದ್ದಿದ್ರೆ ಲಿಂಕೂ ಬದಲಾಗ್ತದೆ, ನೀವು ವಾಟ್ಸಾಪಲ್ಲಿ ಕಳಿಸಿದ ಲಿಂಕುಗಳು ಕೈ ಕೊಡಬಹುದು.

ಇನ್ನೊಂದು, ತಲೆಬರಹದಲ್ಲೇ ತಾರೀಕು ಮತ್ತು ವಾರ ಬರೀರಿ, "ಇವತ್ತು" ಅಂತ ಮಾತ್ರ ಬೇಡ. ಇಡೀ ರಾತ್ರಿಯ ಆಟ ಶುರುವಾಗುದು ಒಂದು ತಾರೀಕಲ್ಲಿ, ಮಂಗಳ ಹಾಡುದು ಇನ್ನೊಂದು ತಾರೀಕಲ್ಲಿ. ಪಂಚಾಂಗ ನೋಡುವವರಿಗೆ ಸೂರ್ಯ ಹುಟ್ಟುವವರೆಗೆ ಅದು ಒಂದೇ ದಿನ, ಮೊಬೈಲಿಗೆ ನಡುರಾತ್ರಿಗೇ ದಿನ ಬದಲು. "ಶನಿವಾರ ರಾತ್ರಿ" ಅಂತ ಇದ್ರೆ ಯಾರಿಗೂ ಗೊಂದಲ ಇಲ್ಲ, ನಿಮ್ಮ ಪಕ್ಕದ ಮನೆಯವರಿಗೂ.

ಪ್ರಶ್ನೆ: ಮಂಗಳೂರು ಧಕ್ಕೆಯಲ್ಲಿ (ಮೀನಿನ ಬಂದರಲ್ಲಿ) ಬೆಳಿಗ್ಗೆ ಬೆಳಿಗ್ಗೆ ಮೀನಿನ ರೇಟು ಕೇಳಿ ಬ್ಲಾಗಲ್ಲಿ ಹಾಕ್ತೇನೆ, ಸರಿಯಾಗಿ ಒಂದೂವರೆ ಗಂಟೆ ಹಿಂದಿನ ಸಮಯ ತೋರಿಸ್ತದೆ. ಬ್ಲಾಗು ಮಾಡಿಕೊಟ್ಟದ್ದು ಭಾವ.

ಉತ್ತರ: ಭಾವ ದುಬೈಯಲ್ಲೋ ಮಸ್ಕತ್ತಲ್ಲೋ ಇದ್ದಾರಾ? ಆ ಕಡೆ ನಮಗಿಂತ ಒಂದೂವರೆ ಗಂಟೆ ಹಿಂದೆ, ಅವರು ಅಲ್ಲಿಯ ಸಮಯ ಹಾಕಿಟ್ಟಿರ್ತಾರೆ. ಎರಡೂವರೆ ಗಂಟೆ ಆಗಿದ್ರೆ ಕುವೈತ್, ಕತಾರ್, ಬಹ್ರೈನ್, ಸೌದಿ. ಬರೇ ಅರ್ಧ ಗಂಟೆ ವ್ಯತ್ಯಾಸ ಬಂದ್ರೆ ಐದೂವರೆ ಬದಲು ಯಾರೋ 5 ಅಥವಾ 6 ಆರಿಸಿದ್ದು. ಸರಿಯಾಗಿ 12 ಗಂಟೆ ಆದ್ರೆ ಎಎಂ, ಪಿಎಂ ಅದಲು ಬದಲು. ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಅಂತ ಬಂದ್ರೆ ಅದು ಅಮೆರಿಕದ ಪಶ್ಚಿಮ ಕರಾವಳಿಯ ಸಮಯ, ಅವರು ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡಿ ನವೆಂಬರಿನ ಮೊದಲನೇ ಭಾನುವಾರ ಹಿಂದೆ ಮಾಡ್ತಾರೆ. ನಿಮ್ಮದಕ್ಕೆ ಮೇಲೆ ಟೀಚರಿಗೆ ಹೇಳಿದ ಹಾಗೇ ಕೋಲ್ಕತ್ತಾ ಆರಿಸಿ ಸೇವ್ ಮಾಡಿ. ಮತ್ತೆ ಭಾವನಿಗೆ ಒಂದು ಫೋನ್ ಮಾಡಿ ಹೇಳಿಬಿಡಿ, ಗೊತ್ತಿಲ್ಲದೆ ಅವರು ವಾಪಸ್ ದುಬೈಗೆ ತಿರುಗಿಸುದು ಬೇಡ.